ಮುನ್ನ ಎಂಬ ಮೊಳೆ

ಏಳನೇ ತರಗತಿಗೆ ಮೂರನೇ ಪಾಠ ಬರೆದುಕೊಡಿ ಎಂದು
ದಾರೆಸ್ಸಲಾಮಿನಿಂದ ಕಾಗದ ಬಂದು ಹನ್ನೊಂದು ದಿನ.
‘ಕಿಲ್ವಾದ ಕಥೆ. ಎಂಟು ಪುಟ, ಒಂದು ನಕ್ಷೆ.
ಪರಕೀಯರ ಕಣ್ಣಿಂದ ನೋಡಿದ್ದು ಬೇಡ.’
ಕೆಳಗೆ ಎರಡು ಸಲ ಗೆರೆ ಎಳೆದಿದ್ದಾರೆ.
ಶಾಲೆ ಬಿಟ್ಟ ಮೇಲೆ, ಸೀಮೆಸುಣ್ಣದ ಧೂಳು ಇಳಿಯುವ ಹೊತ್ತಿಗೆ
ಕೂತು ಬರೆದೆ:
‘ಪೋರ್ಚುಗೀಸರು ಬರುವ ಮುನ್ನ ನಮ್ಮ ದ್ವೀಪ...’

ಅಲ್ಲೇ ನಿಂತೆ.
ಮುನ್ನ.
ಎರಡೇ ಅಕ್ಷರ.
ಗೋಡೆಗೆ ಯಾರೋ ಹೊಡೆದು ಹೋದ ಮೊಳೆ;
ನನ್ನ ಅಂಗಿಯನ್ನೂ ನಾನು ಅದಕ್ಕೇ ತೂಗುಹಾಕಿದ್ದೇನೆ.
ನೂರಾರು ವರ್ಷ ಜನ ಇಲ್ಲಿ
ಮೀನು ಸೀಳಿ ಉಪ್ಪು ಸವರಿ, ಹವಳ ಸುಟ್ಟು ಸುಣ್ಣ ಮಾಡಿ,
ಮದುವೆ ಮುರಿದು, ತಾಮ್ರದ ಕಾಸಿಗೆ ಕಚ್ಚಾಡಿ,
ಸಾಲ ತೀರಿಸದೆ ಸತ್ತು,
ಇಷ್ಟೆಲ್ಲ ಮಾಡಿದ್ದು
ದಡದಲ್ಲಿ ಕೈಕಟ್ಟಿ ನಿಂತು
ಒಂದು ಹಡಗಿನ ದಾರಿ ಕಾಯುತ್ತಲೇ?

ಹೊಡೆದು ಹಾಕಿ ಇನ್ನೊಂದು ಬರೆದೆ:
‘ಲಿಸ್ಬನ್ ಇನ್ನೂ ಕೆಸರಿನ ಹಳ್ಳಿಯಾಗಿದ್ದಾಗ ನಮ್ಮಲ್ಲಿ...’
ಛೆ.
ಮೊಳೆ ಅದೇ, ಅಂಗಿ ಬೇರೆ.
ಸಾಲದ್ದಕ್ಕೆ, ಕೆಸರಿನ ಮಾತು ನಿಜವೋ ಸುಳ್ಳೋ
ನನಗೇ ಗೊತ್ತಿಲ್ಲ.

ಶೋಮರಿ ಬಂದ, ಹಿಂದಿನ ಬೆಂಚಿನವನು,
ಕಿಸೆ ತುಂಬ ಬೋಕಿ. ಇಳಿತದಲ್ಲಿ ಹೆಕ್ಕಿದ್ದಂತೆ.
ಮೇಜಿನ ಮೇಲೆ ಸುರಿದು ಲೆಕ್ಕ ಒಪ್ಪಿಸಿದ:
ಹಸಿರು ಮೆರುಗಿನದು ಚೀನಾದ್ದು,
ನೀಲಿ ಗೀರಿನದು ಪರ್ಷಿಯಾದ್ದು.
ಮಸಿ ಹತ್ತಿದ ಮಣ್ಣಿನ ಚೂರೊಂದು ಉಳಿಯಿತು.
‘ಇದು?’
‘ಅದು ಯಾರದ್ದೂ ಅಲ್ಲ ಟೀಚರ್, ಇಲ್ಲಿಯದ್ದು.’

ಅಡುಗೆ ಮಡಕೆ. ಹೊರಮೈಯಲ್ಲಿ
ಹಸಿ ಇದ್ದಾಗ ಯಾವಳೋ ಒತ್ತಿದ ಉಗುರಿನ ಸಾಲು.
ನನ್ನ ಉಗುರು ಅದರಲ್ಲಿ ಸರಿಯಾಗಿ ಕೂರುತ್ತದೆ.

ಶನಿವಾರ ದೋಣಿ ಹತ್ತಿ ದ್ವೀಪಕ್ಕೆ ಹೋದೆ.
ಬೀ ಟಟು ತುರಿಮಣೆಯ ಮೇಲೆ ಕೂತಿದ್ದಳು.
ಓದಿ ಹೇಳಿದೆ ನನ್ನ ಹೆಮ್ಮೆಯ ಭಾಗ:
ಹವಳಗಲ್ಲಿನ ಮಸೀದಿ, ಸೊಫಾಲದ ಚಿನ್ನ,
ಅರಮನೆಯಲ್ಲಿ ಎಂಟು ಮೂಲೆಯ ಕೊಳ.
ತುರಿಯುವುದು ನಿಲ್ಲಿಸದೆ ಕೇಳಿದಳು:
‘ಕೊಳಕ್ಕೆ ನೀರು ಹೊತ್ತವರು ಯಾರು?’

ನಾನು ಹಾಳೆ ತಿರುವಿದೆ. ಹಿಂದೆ ಏನೂ ಇರಲಿಲ್ಲ.

‘ನನ್ನ ಮುತ್ತಜ್ಜಿ ಸರೋವರದ ಆಚೆಯವಳು.
ಕುತ್ತಿಗೆಗೆ ಹಗ್ಗ ಹಾಕಿ ಎಳೆದು ತಂದವನು
ಬಿಳಿಯನಲ್ಲ ಮಗಳೇ,
ಅವನ ಹೆಸರು ಈ ಓಣಿಗೇ ಇದೆ.
ಹೊತ್ತವಳ ಭಾರ ಹೊತ್ತವಳಿಗೇ ಗೊತ್ತು.
ಅದನ್ನೂ ಬರೆಯುತ್ತೀಯಾದರೆ ಬರಿ,
ಇಲ್ಲವೇ ಆ ಹಡಗಿನವರು ಬರೆದದ್ದೇ ಇರಲಿ ಬಿಡು.
ಸುಳ್ಳು ಹೇಳಿ ಅವರಿಗಾದರೂ ಅಭ್ಯಾಸವಿದೆ.’

ಮರಳುವಾಗ ಗಾಳಿ ತಿರುಗಿತ್ತು,
ಉತ್ತರದ ಕಸ್ಕಾಜಿ ಸೋತು ದಕ್ಷಿಣದ ಕೂಸಿ.
ಅಂಬಿಗ ಇಸವಿ ಕೇಳದೆ ಹಾಯಿ ಬದಲಿಸಿದ.

ಈಗ ರಾತ್ರಿ.
ಸಮುದ್ರ ನಡುವೆ ಬರುವಂತೆ ನಕ್ಷೆ ಬಿಡಿಸಿದ್ದೇನೆ.
ಯುರೋಪು ಎಡಮೂಲೆಯಲ್ಲಿ ಅರ್ಧ ಕತ್ತರಿಸಿ ಹೋಗಿದೆ.
ಪಾಪ, ಅದರ ತಪ್ಪೇನಿಲ್ಲ, ಹಾಳೆಯ ಅಗಲ ಅಷ್ಟೇ.
ಅವರು ಬರುತ್ತಾರೆ, ಐದನೇ ಪುಟದಲ್ಲಿ, ಬಂದೇ ಬರುತ್ತಾರೆ,
ಊರು ಕೊಳ್ಳೆ ಹೊಡೆಯುತ್ತಾರೆ.
ನಾಲ್ಕನೇ ಪುಟದಲ್ಲಿ ಹಗ್ಗ ಇದೆ,
ಹಗ್ಗ ಹಿಡಿದ ಕೈ ನಮ್ಮದು.
ಸಮಿತಿ ಅದಕ್ಕೆ ಎಷ್ಟು ಗೆರೆ ಎಳೆಯುವುದೋ.

ಗೋಡೆಯಲ್ಲಿ ಮೊಳೆ ಇನ್ನೂ ಇದೆ.
ಕಿತ್ತರೆ ತೂತು ಉಳಿಯುತ್ತದೆ,
ತೂತಿಗೂ ಅದರದೇ ಆಕಾರ.

ಮೊದಲ ವಾಕ್ಯ ಸದ್ಯಕ್ಕೆ ಹೀಗಿದೆ:
‘ಒಬ್ಬ ಹೆಂಗಸು ಒಲೆಯ ಮೇಲೆ ಮಡಕೆ ಇಟ್ಟಳು.’
ಯಾವ ಶತಮಾನ ಎಂದು ದಾರೆಸ್ಸಲಾಮಿನವರು ಕೇಳಿಯೇ ಕೇಳುತ್ತಾರೆ.
ಶೋಮರಿ ಆಗಲೇ ಕೇಳಿದ:
‘ಮಡಕೆಯಲ್ಲಿ ಏನಿತ್ತು ಟೀಚರ್?’